ಕಾರ್ಖಾನೆಯೇ ಇಲ್ಲದ ಹಿಮನಾಡಿಗೆ ಕೀಟನಾಶಕ ಹೋದದ್ದು ಹೇಗೆ?

ಓದುಗರ ಪ್ರಶ್ನೆ: ಉತ್ತರ ಧ್ರುವದ ಸುತ್ತ ಹೊಲಗದ್ದೆಗಳಿಲ್ಲ, ಹೇಳಿಕೊಳ್ಳುವಂಥ ಕಾರ್ಖಾನೆಗಳಿಲ್ಲ, ಜನವಸತಿಯೂ ವಿರಳ. ಹಾಗಿದ್ದರೂ ಅಲ್ಲಿನ ಹಿಮಕರಡಿಗಳ ಮೈಯಲ್ಲಿ ಕೀಟನಾಶಕ ಸಿಕ್ಕಿದೆ ಎನ್ನುತ್ತಾರೆ. ಅದು ಅಲ್ಲಿಗೆ ತಲುಪಿದ್ದಾದರೂ ಹೇಗೆ?

ಉತ್ತರ: ಉಡುಪಿಯಲ್ಲಿ ಪರಿಸರದ ಬಗ್ಗೆ ಮಾತನಾಡಲು ಕರೆದ ಕಡೆಗಳಲ್ಲೆಲ್ಲ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಎದುರಾಗುತ್ತದೆ. ಹಡಗುಗಳು ಚೆಲ್ಲಿದ್ದಿರಬೇಕು, ಇಲ್ಲವೇ ಪ್ರವಾಸಿಗರು ಒಯ್ದಿರಬೇಕು ಎಂದು ಹೆಚ್ಚಿನವರು ಊಹಿಸುತ್ತಾರೆ. ನಿಜವಾಗಿ ಇದನ್ನು ಸಾಗಿಸಿದ್ದು ಬಹುಮಟ್ಟಿಗೆ ಗಾಳಿ, ಸ್ವಲ್ಪ ಮಟ್ಟಿಗೆ ಸಮುದ್ರದ ಪ್ರವಾಹ. ಅದು ಅಲ್ಲೇ ಉಳಿದುಬಿಟ್ಟದ್ದಕ್ಕೆ ಕಾರಣ ಅಲ್ಲಿನ ಚಳಿ.

ಕಪಾಟಿನ ಸೀರೆಗಳ ನಡುವೆ ಇಟ್ಟ ನುಸಿಗುಳಿಗೆ ಕರಗಿ ನೀರಾಗುವುದಿಲ್ಲ. ಸದ್ದಿಲ್ಲದೆ ಸವೆಯುತ್ತ ವಾಸನೆಯಾಗಿ ಗಾಳಿಗೆ ಸೇರುತ್ತದೆ. ಡಿಡಿಟಿ, ಎಂಡೋಸಲ್ಫಾನ್, ನಮ್ಮ ಹಿರಿಯರು ಇರುವೆ, ಗೆದ್ದಲುಗಳಿಗೆ ಚೆಲ್ಲುತ್ತಿದ್ದ ಗ್ಯಾಮೆಕ್ಸಿನ್ ಪುಡಿ, ಹಳೆಯ ಟ್ರಾನ್ಸ್‌ಫಾರ್ಮರುಗಳ ಎಣ್ಣೆಯಲ್ಲಿದ್ದ ಪಿಸಿಬಿ ಇವೆಲ್ಲವೂ ಹೆಚ್ಚುಕಡಿಮೆ ಅದೇ ಸ್ವಭಾವದವು, ನುಸಿಗುಳಿಗೆಗಿಂತ ಬಹಳ ನಿಧಾನ ಎಂಬುದಷ್ಟೇ ವ್ಯತ್ಯಾಸ. ಬಿಸಿಲಿನ ನಾಡಿನಲ್ಲಿ ಮಣ್ಣಿನಿಂದ ಮೇಲೆದ್ದ ಆವಿ ಗಾಳಿಯೊಡನೆ ಸಾಗಿ, ತಂಪು ತಗುಲಿದಲ್ಲಿ ಇಳಿದು, ಅಲ್ಲಿ ಬೇಸಿಗೆ ಬಂದಾಗ ಮತ್ತೆ ಏಳುತ್ತದೆ. ಹೀಗೆ ಮಿಡತೆಯಂತೆ ನೆಗೆಯುತ್ತ ನೆಗೆಯುತ್ತ, ಮರಳಿ ಏಳಲಾಗದಷ್ಟು ಚಳಿಯಿರುವ ಧ್ರುವವನ್ನು ತಲುಪಿದಾಗ ಅದರ ಪ್ರಯಾಣ ನಿಲ್ಲುತ್ತದೆ. ಮೂಡೆ ಬೇಯಿಸುವಾಗ ತೊಂದೂರಿನ ತಳದಲ್ಲಿ ಕುದಿದ ನೀರು ಮುಚ್ಚಳದ ಒಳಮೈಯಲ್ಲಿ ಹನಿಗಟ್ಟುವುದನ್ನು ನೋಡಿದವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಭೂಮಿಗೆ ಧ್ರುವಗಳೇ ಆ ಮುಚ್ಚಳ.

ಇಲ್ಲಿ 'ದೂರದ ಯಾರದೋ ಕಾರ್ಖಾನೆಯ ವಿಷ' ಎಂಬ ಭಾವನೆಯನ್ನೂ ಸ್ವಲ್ಪ ತಿದ್ದಿಕೊಳ್ಳಬೇಕು. ಗ್ಯಾಮೆಕ್ಸಿನ್ ಪುಡಿ, ಅಂದರೆ ಬಿಎಚ್‌ಸಿ, 1997ರಲ್ಲಿ ನಿಷೇಧವಾಗುವವರೆಗೆ ಅದನ್ನು ಅತಿ ಹೆಚ್ಚು ಬಳಸುತ್ತಿದ್ದ ದೇಶಗಳಲ್ಲಿ ಭಾರತವೂ ಒಂದು; ಚೀನಾ ಮತ್ತು ಭಾರತ ಬಳಕೆಯನ್ನು ಇಳಿಸಿದ ಬೆನ್ನಿಗೆ ಆರ್ಕ್‌ಟಿಕ್ ಗಾಳಿಯಲ್ಲೂ ಅದರ ಪ್ರಮಾಣ ಇಳಿಯಿತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ ಸುತ್ತಲಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಅಲ್ಲಿನ ಮನೆಗಳಲ್ಲಿ ಏನು ಉಳಿಸಿಹೋಯಿತೆಂಬುದು ಈ ಕರಾವಳಿಯವರಿಗೆ ಗೊತ್ತಿದೆ. ಅದೇ ಎಂಡೋಸಲ್ಫಾನ್ ಆರ್ಕ್‌ಟಿಕ್‌ನ ಗಾಳಿ, ಹಿಮ ಮತ್ತು ಪ್ರಾಣಿಗಳಲ್ಲಿ ಪತ್ತೆಯಾದದ್ದು, 2011ರಲ್ಲಿ ಅದನ್ನು ಇಂಥ ರಾಸಾಯನಿಕಗಳ ಕುರಿತ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿಸಲು ಮುಂದಿಟ್ಟ ಆಧಾರಗಳಲ್ಲಿ ಒಂದು. ಕೊಕ್ಕಡದ ಹನಿಯೇ ಧ್ರುವಕ್ಕೆ ಹೋಯಿತೆಂದು ನಾನು ಹೇಳುತ್ತಿಲ್ಲ. ಅಣುವಿನ ಮೇಲೆ ಊರಿನ ಹೆಸರು ಬರೆದಿರುವುದಿಲ್ಲ.

ಆದರೆ ಹಿಮದಲ್ಲಿ ಬೀಳುವುದು ಅತ್ಯಲ್ಪ ಪ್ರಮಾಣ. ಅಷ್ಟರಿಂದ ಕರಡಿಗೇನು ಕೇಡು ಎಂದು ಕೇಳಿದರೆ, ಉತ್ತರ ಕೊಬ್ಬಿನಲ್ಲಿದೆ. ಈ ರಾಸಾಯನಿಕಗಳು ನೀರಿಗಿಂತ ಕೊಬ್ಬಿನಲ್ಲಿ ಸುಲಭವಾಗಿ ಕರಗುತ್ತವೆ, ಮತ್ತು ಮೂತ್ರದಲ್ಲಿ ಹೊರಹೋಗುವುದಿಲ್ಲ. ಮಳೆಗಾಲ ಕಳೆದ ಮೇಲಿನ ಬೂತಾಯಿ ಕಾವಲಿಯಲ್ಲಿ ತನ್ನದೇ ನೆಯ್ಯಲ್ಲಿ ಬೇಯುತ್ತದಲ್ಲ, ಆ ನೆಯ್ ಅದಕ್ಕೆ ಬಂದದ್ದು ತಿಂದ ಪ್ಲವಕಗಳಿಂದ, ಅಂದರೆ ನೀರಲ್ಲಿ ತೇಲುವ ಸೂಕ್ಷ್ಮಜೀವಿಗಳಿಂದ. ಬೂತಾಯಿಯನ್ನು ತಿಂದ ಅಂಜಲ್‌ಗೆ ಅದರ ಪಾಲು ಸೇರುತ್ತದೆ. ಆರ್ಕ್‌ಟಿಕ್‌ನಲ್ಲಿ ಈ ಸರಪಳಿ ಇನ್ನೂ ಉದ್ದ, ಇನ್ನೂ ಕೊಬ್ಬಿನದು: ಮಂಜುಗಡ್ಡೆಯಡಿಯ ಪಾಚಿಯನ್ನು ಸಿಗಡಿಯಂಥ ಸಣ್ಣ ಕಠಿಣಚರ್ಮಿಗಳು, ಅವನ್ನು ಧ್ರುವದ ಕಾಡ್ ಮೀನು, ಮೀನನ್ನು ಸೀಲ್, ಸೀಲನ್ನು ಹಿಮಕರಡಿ ತಿನ್ನುತ್ತದೆ. ಹೊಟ್ಟೆ ತುಂಬ ಬೇಟೆ ಸಿಗುವ ಕಾಲದಲ್ಲಿ ಕರಡಿ ಸೀಲಿನ ಮಾಂಸವನ್ನು ಬಿಟ್ಟು ಚರ್ಮದಡಿಯ ಕೊಬ್ಬನ್ನಷ್ಟೇ ತಿಂದು ಹೋಗುವುದೂ ಉಂಟು. ಮೀನುಗಳು ಒಂದಿಷ್ಟಿಷ್ಟೇ ಕೂಡಿಟ್ಟದ್ದು ಸೀಲಿನಲ್ಲಿ ಗಂಟಾಗಿ, ಆ ಗಂಟನ್ನೇ ಆರಿಸಿ ಕರಡಿ ನುಂಗಿದಂತಾಯಿತು.

ಕೊಬ್ಬಿನಲ್ಲಿ ಕುಳಿತಿರುವಷ್ಟು ಕಾಲ ಅದರಿಂದ ಆಗುವ ಹಾನಿ ಕಡಿಮೆ. ತೊಂದರೆ ಶುರುವಾಗುವುದು ಉಪವಾಸದಲ್ಲಿ. ಕೆನಡಾದ ಹಡ್ಸನ್ ಕೊಲ್ಲಿಯ ಗಬ್ಬದ ಹೆಣ್ಣುಕರಡಿ ಕಡಲ ಮಂಜುಗಡ್ಡೆ ಕರಗಿ ದಡಕ್ಕೆ ಬಂದಂದಿನಿಂದ, ಗುಹೆಯಲ್ಲಿ ಮರಿ ಹಾಕಿ ಮತ್ತೆ ಮಂಜುಗಡ್ಡೆಗೆ ಮರಳುವವರೆಗೆ ಸುಮಾರು 8 ತಿಂಗಳು ಏನನ್ನೂ ತಿನ್ನದೆ ಇರಬಹುದು. ಆಗ ಅದು ಬದುಕುವುದು ತನ್ನ ಕೊಬ್ಬನ್ನು ಕರಗಿಸಿಕೊಂಡು. ಅದರೊಳಗಿದ್ದ ರಾಸಾಯನಿಕ ರಕ್ತಕ್ಕೆ ಬರುತ್ತದೆ, ಅಲ್ಲಿಂದ ಹಾಲಿಗೆ. ಬೆಳಿಗ್ಗೆ ನಮ್ಮ ಮನೆಗೆ ಬರುವ ಟೋನ್ಡ್ ತೊಟ್ಟೆ ಹಾಲಿನಲ್ಲಿ ಕೊಬ್ಬು ಶೇಕಡಾ 3. ಹಿಮಕರಡಿಯ ಹಾಲಿನಲ್ಲಿ ಅದು ಶೇಕಡಾ 30ರ ಆಸುಪಾಸು. ತಾಯಿಯ ಮೈಯ ಹೊರೆ ಹೀಗೆ ಮರಿಗೆ ಇಳಿಯುವುದರಿಂದ, ಒಂದು ಸೀಲನ್ನೂ ತಿಂದಿರದ ಮರಿ ತನ್ನ ಗಾತ್ರಕ್ಕೆ ಮೀರಿದ ವಿಷವನ್ನು ಹೊತ್ತಿರುತ್ತದೆ.

ಪರಿಣಾಮಗಳ ಬಗ್ಗೆ ಬರೆಯುವಾಗ ಎಚ್ಚರ ಬೇಕು, ಏಕೆಂದರೆ ಕರಡಿ ವಿಷ ತಿಂದು ದಪ್ಪನೆ ಬೀಳುವುದಿಲ್ಲ. ಪಿಸಿಬಿ ಒಡೆದು ಉಂಟಾಗುವ ತುಣುಕುಗಳು ಥೈರಾಯ್ಡ್ ಹಾರ್ಮೋನನ್ನು ಹೊತ್ತೊಯ್ಯುವ ಪ್ರೋಟೀನಿಗೆ ಅಂಟಿಕೊಂಡು ಆ ಹಾರ್ಮೋನಿನ ಜಾಗವನ್ನು ಕಸಿಯುತ್ತವೆ. ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ಪಿಸಿಬಿ ಹೆಚ್ಚಿರುವ ಕರಡಿಗಳ ರಕ್ತದಲ್ಲಿ ಪ್ರತಿಕಾಯಗಳು ಕಡಿಮೆಯಿರುವುದು ಕಂಡುಬಂದಿದೆ, ಅಂದರೆ ರೋಗ ಬಂದಾಗ ಎದುರಿಸುವ ಶಕ್ತಿ ಕುಂದಿರುತ್ತದೆ. ಹೆಚ್ಚು ಕಣ್ಣಿಗೆ ಕಟ್ಟುವ ಉದಾಹರಣೆ ಹಕ್ಕಿಗಳದು: ಅದೇ ಸಮುದ್ರದ ಬ್ಯೋರ್ನೋಯಾ ದ್ವೀಪದಲ್ಲಿ ಗ್ಲಾಕಸ್ ಗಲ್ ಎಂಬ ದೊಡ್ಡ ಕಡಲಹಕ್ಕಿಗಳು ಸತ್ತು, ಸಾಯುತ್ತ ಬಿದ್ದಿದ್ದಾಗ ಅವುಗಳ ಮೈಯಲ್ಲಿ ಪಿಸಿಬಿ ವಿಪರೀತ ಪ್ರಮಾಣದಲ್ಲಿತ್ತು. ಮಲ್ಪೆಯ ದಕ್ಕೆಯ ಕಡಲಕಾಗೆಗಳಂತೆ ಇವೂ ಸಿಕ್ಕಿದ್ದನ್ನೆಲ್ಲ ತಿನ್ನುವ ಜಾತಿ. ಬೇರೆ ಹಕ್ಕಿಗಳ ಮೊಟ್ಟೆ, ಮರಿಗಳನ್ನೂ ಬಿಡದ ಕಾರಣ ಸರಪಳಿಯಲ್ಲಿ ಮೇಲಿನ ಸ್ಥಾನ ಇವಕ್ಕೆ.

ಮನುಷ್ಯರೂ ಈ ಸರಪಳಿಯ ಹೊರಗಿಲ್ಲ. 1980ರ ದಶಕದಲ್ಲಿ ಕೆನಡಾದ ಸಂಶೋಧಕರು, ದಕ್ಷಿಣ ಕ್ವಿಬೆಕ್‌ನ ತಾಯಂದಿರ ಎದೆಹಾಲಿನೊಡನೆ ಹೋಲಿಸಲು ಶುದ್ಧವಾದ ಮಾದರಿ ಬೇಕೆಂದು ಉತ್ತರದ ಮೂಲನಿವಾಸಿಗಳಾದ ಇನ್ಯುಯಿಟ್ ತಾಯಂದಿರ ಹಾಲನ್ನು ಪರೀಕ್ಷಿಸಿದಾಗ, ಅದರಲ್ಲೇ ಪಿಸಿಬಿ ಸುಮಾರು ಐದು ಪಟ್ಟು ಹೆಚ್ಚಿತ್ತು. ಅವರ ಊಟ ಸೀಲ್ ಮತ್ತು ತಿಮಿಂಗಿಲ.

ನಿಷೇಧದಿಂದ ಫಲವಿಲ್ಲವೇ ಎಂದರೆ, ಇದೆ. 2001ರಲ್ಲಿ ರೂಪುಗೊಂಡು 2004ರಲ್ಲಿ ಜಾರಿಗೆ ಬಂದ ಸ್ಟಾಕ್‌ಹೋಮ್ ಒಪ್ಪಂದಕ್ಕೂ ಮೊದಲೇ ಹಲವು ದೇಶಗಳು ಪಿಸಿಬಿಯನ್ನು ಕೈಬಿಟ್ಟಿದ್ದವು. ಆರ್ಕ್‌ಟಿಕ್ ಪ್ರಾಣಿಗಳಲ್ಲಿ ಅದು ನಿಧಾನವಾಗಿ ಇಳಿದಿದೆ. ನೀರು, ಎಣ್ಣೆ ಅಂಟದಂತೆ ಬಟ್ಟೆಗೆ ಬಳಿಯುತ್ತಿದ್ದ ಪಿಎಫ್‌ಒಎಸ್‌ನಂಥ ಹೊಸ ವಸ್ತುಗಳು ಕೊಬ್ಬನ್ನು ಬಿಟ್ಟು ರಕ್ತ, ಯಕೃತ್ತುಗಳಲ್ಲಿ ಸೇರಿಕೊಂಡು ಬೇರೆ ಲೆಕ್ಕ ತೆರೆದಿವೆ.

ಹಳೆಯ ಲೆಕ್ಕವೂ ಪೂರ್ತಿ ಮುಗಿದಿಲ್ಲ. ದಕ್ಷಿಣದಲ್ಲಿ, ಅಂಟಾರ್ಕ್‌ಟಿಕಾದ ಅಡೇಲಿ ಪೆಂಗ್ವಿನ್‌ಗಳಲ್ಲಿ 1960ರ ದಶಕದಲ್ಲೇ ಡಿಡಿಟಿ ಪತ್ತೆಯಾಗಿತ್ತು. ಜಗತ್ತಿನ ಬಹುಭಾಗದಲ್ಲಿ ಹೊಲಗಳಿಗೆ ಡಿಡಿಟಿ ಹಾಕುವುದು ನಿಂತು ದಶಕಗಳು ಕಳೆದ ಮೇಲೂ ಅಲ್ಲಿನ ಪೆಂಗ್ವಿನ್‌ಗಳಲ್ಲಿ ಅದು ಇಳಿಯದೆ ಇರುವುದನ್ನು 2008ರ ಅಧ್ಯಯನವೊಂದು ಗುರುತಿಸಿ, ಹಿಂದೆ ಹಿಮದೊಡನೆ ಬಿದ್ದು ಹಿಮನದಿಗಳಲ್ಲಿ ಹೂತುಹೋದದ್ದು ಈಗ ಕರಗುವ ನೀರಿನೊಡನೆ ಹೊರಬರುತ್ತಿದೆ ಎಂದು ಹೇಳಿತು. ಪಶ್ಚಿಮ ಅಂಟಾರ್ಕ್‌ಟಿಕಾದ ಕರಾವಳಿಗೆ ಹೀಗೆ ಇಳಿಯುವುದು ವರ್ಷಕ್ಕೆ 1ರಿಂದ 4 ಕಿಲೋ ಎಂದು ಅದರ ಅಂದಾಜು: ಹಿಂದೆ ನಮ್ಮ ಅಡಿಕೆತೋಟದ ಮನೆಗಳ ಅಟ್ಟದಲ್ಲಿ ಇರುತ್ತಿದ್ದ ಒಂದೆರಡು ಪುಡಿಡಬ್ಬಿಗಳಷ್ಟು.