ಬೆವರು ಆರದ ಊರಿಗೆ ಯಾವ ಅಂಗಿ?

ಶನಿವಾರ ಬೆಳಿಗ್ಗೆ ಚೋರ್ಲಾ ಘಾಟ್ ಇಳಿದ ಹುಬ್ಬಳ್ಳಿ, ಬೆಳಗಾವಿಯ ಕಾರುಗಳು ಮಧ್ಯಾಹ್ನಕ್ಕೆ ಗೋವಾದ ಕಲಂಗುಟ್ ಬೀಚ್ ಮುಟ್ಟುತ್ತವೆ. ಸಂಜೆಯೊಳಗೆ ಅದರಲ್ಲಿದ್ದವರೆಲ್ಲ ದಾಸವಾಳ, ಗಿಳಿ, ತೆಂಗಿನಗರಿಗಳ ಅಂಗಿಯೊಳಗೆ. ಬೀಚಿನಲ್ಲಿ ಬಟ್ಟೆ ಮಾರುವವರಲ್ಲಿ ಉತ್ತರ ಕರ್ನಾಟಕದ ಲಮಾಣಿ ಹೆಣ್ಣುಮಕ್ಕಳು ಬಹಳ, ಹಾಗಾಗಿ ವ್ಯಾಪಾರ ಕನ್ನಡದಲ್ಲೇ ನಡೆಯುತ್ತದೆ. "ಕಾಟನ್ ಐತೇನ್ರೀ ಅಕ್ಕಾ?" ಎಂಬುದು ಮೊದಲ ಪ್ರಶ್ನೆ, ಹೆಚ್ಚಿನ ಸಲ ಕೊನೆಯದೂ ಅದೇ. ಆ ಹೂವಿನ ಅಂಗಿ ಸಾಮಾನ್ಯವಾಗಿ ರೇಯಾನ್, ಅಂದರೆ ಮರದ ತಿರುಳಿನಿಂದ ತೆಗೆದ ಎಳೆಯದು. ಆದರೆ ಕಾಟನ್ನೋ ಅಲ್ಲವೋ ಎಂದು ಕೇಳುವುದರಿಂದಲೇ ಏನೂ ತಿಳಿಯುವುದಿಲ್ಲ. ಜೀನ್ಸ್ ಕೂಡ ಕಾಟನ್ನೇ ಅಲ್ಲವೇ?

ನಾವು ಬ್ಯಾಗು ತುಂಬುವುದು ಉಷ್ಣಾಂಶ ನೋಡಿ. ಏಪ್ರಿಲ್ ಮಧ್ಯಾಹ್ನ ಪುಣೆಯಲ್ಲಿ 38 ಡಿಗ್ರಿ, ಆರ್ದ್ರತೆ ಶೇ. 20 ಎಂದಿಟ್ಟುಕೊಳ್ಳಿ. ಅದೇ ಹೊತ್ತಿಗೆ ಪಣಜಿಯಲ್ಲಿ 33 ಡಿಗ್ರಿ, ಆರ್ದ್ರತೆ ಶೇ. 70. ಅಂಕಿ ನೋಡಿದರೆ ಪಣಜಿ ತಂಪು, ಮೈಗೆ ಕೇಳಿದರೆ ಪುಣೆಯೇ ವಾಸಿ. ಯಾಕೆಂದರೆ ಮೈ ತಣ್ಣಗಾಗುವುದು ಬೆವರು ಬಂದಾಗಲ್ಲ, ಅದು ಆರಿದಾಗ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖ ಹೊತ್ತೊಯ್ಯುತ್ತದೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ತನಕ ಕಾಯಿಸಲು ಬೇಕಾಗುವ ಶಾಖದ ಏಳು ಪಟ್ಟಿಗೂ ಇದು ಹೆಚ್ಚು. ಗಲ್ಲದಿಂದ ತೊಟ್ಟಿಕ್ಕಿ ಮರಳಿಗೆ ಬಿದ್ದ ಬೆವರು ಮಾತ್ರ ದಂಡ.

ಆರುವುದು ಅಂದರೇನು? ಮುಂಬೈಯ ದಾದರ್ ಸ್ಟೇಷನ್ನಿನಲ್ಲಿ ನಿಂತ ಲೋಕಲ್ ರೈಲು ನೆನೆಸಿಕೊಳ್ಳಿ. ಒಂದೇ ಬಾಗಿಲಲ್ಲಿ ಇಳಿಯುವವರೂ ಹತ್ತುವವರೂ ಏಕಕಾಲಕ್ಕೆ ನುಗ್ಗುತ್ತಾರೆ. ಡಬ್ಬಿ ಖಾಲಿಯಾಗುತ್ತದೋ ಇಲ್ಲವೋ ಎಂಬುದು ಎರಡರ ವ್ಯತ್ಯಾಸಕ್ಕೆ ಬಿಟ್ಟದ್ದು. ಚರ್ಮದ ಮೇಲಿನ ನೀರಿನ ಕಣಗಳದ್ದೂ ಇದೇ ಕತೆ: ಕೆಲವು ಗಾಳಿಗೆ ಹಾರುತ್ತವೆ, ಗಾಳಿಯಲ್ಲಿದ್ದ ಕೆಲವು ಮರಳಿ ಬಂದು ಕೂರುತ್ತವೆ. ಗಾಳಿ ಸ್ಪಂಜಿನಂತೆ ನೀರು ಹೀರುತ್ತದೆ ಎಂದು ಶಾಲೆಯಲ್ಲಿ ಕಲಿತದ್ದನ್ನು ದಯವಿಟ್ಟು ಮರೆಯಿರಿ, ಹೀರುವ ಕೆಲಸ ಅಲ್ಲಿ ಇಲ್ಲವೇ ಇಲ್ಲ. ಕೈಸಾಲದ ಲೆಕ್ಕ ಅಂದರೂ ಸರಿಯೇ: ಕೊಟ್ಟದ್ದರಲ್ಲಿ ವಾಪಸ್ ಬಂದದ್ದನ್ನು ಕಳೆಯಬೇಕು. 35 ಡಿಗ್ರಿಯ ಒದ್ದೆ ಚರ್ಮದ ಆವಿ ಒತ್ತಡ, ಅಂದರೆ ನೀರಿನ ಕಣಗಳು ಹಾರಲು ಒತ್ತುವ ಜೋರು, ಸುಮಾರು 56 ಮಿಲಿಬಾರ್. ಮರಳಿ ಬರುವ ಕಣಗಳ ಜೋರು ಪುಣೆಯ ಆ ಗಾಳಿಯಲ್ಲಿ 13, ಪಣಜಿಯಲ್ಲಿ 35. ಕಳೆದರೆ ಪುಣೆಯಲ್ಲಿ 43, ಪಣಜಿಯಲ್ಲಿ 21. ಬೆವರನ್ನು ಆರಿಸುವ ಬಲ ಘಾಟ್ ಇಳಿಯುವಷ್ಟರಲ್ಲಿ ಅರ್ಧಕ್ಕೆ ಬಂತು. ಹವಾಮಾನದ ಆ್ಯಪಿನಲ್ಲಿ ನೋಡಬೇಕಾದದ್ದು ಇಬ್ಬನಿ ಬಿಂದು (ಡ್ಯೂ ಪಾಯಿಂಟ್), ಅಂದರೆ ಗಾಳಿಯ ತೇವ ಇಬ್ಬನಿಯಾಗಿ ಕೂರತೊಡಗುವ ಉಷ್ಣಾಂಶ. ನಮ್ಮ ಪುಣೆಯಲ್ಲಿ ಅದು 11 ಡಿಗ್ರಿ ಆಸುಪಾಸು, ಪಣಜಿಯಲ್ಲಿ 27ರ ಹತ್ತಿರ. 24 ದಾಟಿತೆಂದರೆ ಜೀನ್ಸ್ ಮನೆಯಲ್ಲೇ ಬಿಡಿ.

ಇಷ್ಟು ಕಡಿಮೆ ಬಲದಲ್ಲಿ ಹತ್ತಿ ಎಡವುತ್ತದೆ. ಶೇ. 65 ಆರ್ದ್ರತೆಯಲ್ಲಿ, ಮುಟ್ಟಿದರೆ ಒಣಗಿದಂತೆ ತೋರುವ ಹತ್ತಿಯಲ್ಲೇ ತನ್ನ ತೂಕದ ಶೇ. 8ರಷ್ಟು ನೀರಿರುತ್ತದೆ, ಪಾಲಿಯೆಸ್ಟರಿನಲ್ಲಿ ಶೇ. 0.4 ಮಾತ್ರ. ಬೆವರು ಕುಡಿದ ಹತ್ತಿ ಎಳೆ ಉಬ್ಬುತ್ತದೆ, ನೇಯ್ಗೆಯ ಸಂದು ಮುಚ್ಚುತ್ತದೆ, ಬಟ್ಟೆ ಬೆನ್ನಿಗೆ ಅಂಟುತ್ತದೆ. ಅಂಟಿದ ಮೇಲೆ ಒಳಗೆ ಗಾಳಿಯಾಡಲು ಜಾಗವೆಲ್ಲಿ? ದಪ್ಪ ಟೀ ಶರ್ಟ್ ಚದರ ಮೀಟರಿಗೆ 180 ಗ್ರಾಂ, ಡೆನಿಮ್ 400ರ ಮೇಲೆ. ಕರಾವಳಿಗೆ ಬೇಕಾದದ್ದು 100–120 ಗ್ರಾಮಿನ, ಸಡಿಲ ನೇಯ್ಗೆಯ, ಒಂದು ಸೈಜ್ ದೊಡ್ಡದಾದ ಅಂಗಿ. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಸಣ್ಣ ಸಂದುಗಳು ಕಾಣಬೇಕು. ಲಿನನ್ ಹತ್ತಿಗಿಂತ ಹೆಚ್ಚು ತೇವ ಹೀರಿದರೂ ಇಲ್ಲಿ ಗೆಲ್ಲುವುದು ಅದರ ಬಿರುಸಿನಿಂದ. ಎಳೆ ಸೆಟೆದು ನಿಂತು ಮೈಗೂ ಬಟ್ಟೆಗೂ ನಡುವೆ ಗಾಳಿಗೆ ದಾರಿ ಬಿಡುತ್ತದೆ. ಈ ಲೆಕ್ಕದಲ್ಲಿ ತೆಳು ಪಂಚೆಯನ್ನು ಮೀರಿಸುವ ಉಡುಪಿಲ್ಲ: ಕೆಳಗೆ ಪೂರ್ತಿ ತೆರೆದದ್ದು, ನಡೆದಾಗಲೆಲ್ಲ ತಿದಿಯಂತೆ ಗಾಳಿ ಊದುವಂಥದ್ದು. ಪಂಚೆ ಮಡಚಿಟ್ಟು ದಪ್ಪ ಬರ್ಮುಡಾ ಏರಿಸಿಕೊಂಡು ಬರುವವರನ್ನು ಕಂಡರೆ ಅಯ್ಯೋ ಅನಿಸುತ್ತದೆ.

ಊರಿಗೆ ತಕ್ಕ ವೇಷದ ಹುಚ್ಚು ಹಳೆಯದು. ಬೊಂಬಾಯಿಗೆ ಹಡಗಿನಲ್ಲಿ ಬರುತ್ತಿದ್ದ ಬ್ರಿಟಿಷರು ದಾರಿಯಲ್ಲಿ ಸಿಗುವ ಈಜಿಪ್ಟಿನ ಬಂದರು ಪೋರ್ಟ್ ಸೈದ್‌ನಲ್ಲೇ ಬೆಂಡಿನ ಟೋಪಿ ಕೊಳ್ಳುತ್ತಿದ್ದರು. ಟೋಪಿ ನೆರಳು ಕೊಡುತ್ತಿತ್ತು, ತಕರಾರಿಲ್ಲ. ಆದರೆ ಬಿಸಿಲು ಬೆನ್ನುಹುರಿಯೊಳಗೆ ಇಳಿಯುತ್ತದೆಂದು ಬೆನ್ನಿಗೆ ಪ್ಯಾಡು, ಹೊಟ್ಟೆಗೆ ತಂಪು ತಗುಲಿದರೆ ಕಾಲರಾ ಎಂದು ಸೊಂಟಕ್ಕೆ ಫ್ಲಾನೆಲ್ ಪಟ್ಟಿ! 1884ರಲ್ಲಿ ಜರ್ಮನ್ ವಿಜ್ಞಾನಿ ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿ ಕಾಲರಾ ಬ್ಯಾಕ್ಟೀರಿಯಾ ತೋರಿಸಿದ ಮೇಲೂ ಆ ಪಟ್ಟಿ ಸೊಂಟ ಬಿಡಲಿಲ್ಲ. ಬೆವರಿನ ನಾಡಿನಲ್ಲಿ ಉಣ್ಣೆ ಸುತ್ತಿಕೊಂಡವರಿಗೆ ಬೆವರುಸಾಲೆ ಎದ್ದಿದ್ದರೆ ಆಶ್ಚರ್ಯವೇನು?

ಇನ್ನು ಹೂವಿನ ಅಂಗಿ. ಅದರ ತವರು ಹವಾಯಿ. 1930ರ ದಶಕದಲ್ಲಿ ಹೊನೊಲುಲುವಿನ ದರ್ಜಿಗಳು ಜಪಾನಿ ಕಿಮೋನೋ ಬಟ್ಟೆಯಲ್ಲಿ ಹೊಲಿದು ಪ್ರವಾಸಿಗರಿಗೆ ಮಾರತೊಡಗಿದರು, ರೇಯಾನ್ ಆಮೇಲೆ ಸೇರಿತು. ಹಗುರ, ಜೋಲಾಡುವ ಬಟ್ಟೆ, ಗೋವಾಕ್ಕೆ ಒಪ್ಪುತ್ತದೆ. ಕೆಡುವುದು ಬಾತ್‌ರೂಮಿನಲ್ಲಿ. ಹತ್ತಿ ಎಳೆ ಒದ್ದೆಯಾದರೆ ಇನ್ನಷ್ಟು ಗಟ್ಟಿಯಾಗುತ್ತದೆ, ಹಾಗಾಗಿಯೇ ಮುಂಬೈಯ ಮಹಾಲಕ್ಷ್ಮಿ ಧೋಬಿ ಘಾಟಿನ ಕಲ್ಲಿನ ಏಟು ತಾಳುತ್ತದೆ. ರೇಯಾನ್ ಒದ್ದೆಯಾದರೆ ಬಲದ ಹತ್ತಿರ ಹತ್ತಿರ ಅರ್ಧ ಕಳೆದುಕೊಳ್ಳುತ್ತದೆ. ಬಲವಾಗಿ ಹಿಂಡಿದಿರೋ, ಹೊಲಿಗೆಯ ಪಕ್ಕ ಪರ್ ಎನ್ನುತ್ತದೆ. ಟವೆಲಿನೊಳಗೆ ಸುತ್ತಿ ಒತ್ತಿ ನೀರು ತೆಗೆಯಬೇಕು.

ಬಿಳಿ ಟೀ ಶರ್ಟ್ ಹಾಕಿಕೊಂಡೇ ಸಮುದ್ರಕ್ಕಿಳಿದರೆ ಬಿಸಿಲು ತಾಗದು ಅಂದುಕೊಂಡವರು ಸಂಜೆ ಭುಜ ಮುಟ್ಟಿ ನೋಡಿಕೊಳ್ಳಲಿ. ತೆಳು ಬಿಳಿ ಹತ್ತಿ ಒದ್ದೆಯಾದರೆ ಅದರ ನೇರಳಾತೀತ ತಡೆ ಇನ್ನೂ ಕುಗ್ಗುತ್ತದೆ. ನೀರಿಗೆ ಕಡುಬಣ್ಣದ, ಒತ್ತು ಹೆಣಿಗೆಯ ಪಾಲಿಯೆಸ್ಟರ್ ಅಥವಾ ನೈಲಾನ್ ವಾಸಿ.

ಕೊನೆಯ ದೂರು ಎಲ್ಲರದ್ದು: ರಾತ್ರಿಯಿಡೀ ಫ್ಯಾನಿನ ಕೆಳಗೆ ಹಾಕಿದರೂ ಬೀಚಿನ ಬಟ್ಟೆ ಜಿಗುಟು. ಇದರ ಹಿಂದಿನ ಕಳ್ಳ ಎಂದರೆ ಉಪ್ಪು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ. ಅಡುಗೆ ಉಪ್ಪು ಶೇ. 75 ಆರ್ದ್ರತೆ ದಾಟಿದರೆ ಗಾಳಿಯ ತೇವ ಎಳೆದು ತಾನೇ ನೀರಾಗುತ್ತದೆ. ಜೊತೆಗಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇ. 33 ಸಾಕು. ಗೋವಾದ ರಾತ್ರಿ ಇವೆರಡಕ್ಕೂ ಹಬ್ಬ. ಹಿಂಡಿದ ಮೇಲೂ ಅಂಗಿಯಲ್ಲಿ 150 ಮಿಲಿ ಸಮುದ್ರ ಉಳಿದಿದೆ ಅನ್ನಿ, ಅಂದರೆ 5 ಗ್ರಾಂ ಉಪ್ಪು. 5 ಲೀಟರ್ ಸಿಹಿನೀರಿನಲ್ಲಿ ಒಮ್ಮೆ ಜಾಲಾಡಿಸಿ ಅಷ್ಟೇ ಹಿಂಡಿದರೆ 0.15 ಗ್ರಾಂ ಉಳಿಯುತ್ತದೆ. ಅದೇ ನೀರನ್ನು ಎರಡೂವರೆ ಲೀಟರಿನಂತೆ ಎರಡು ಸಲ ಬಳಸಿದರೆ ಉಳಿಯುವುದು 0.016 ಗ್ರಾಂ. ರೂಮಿನಲ್ಲಿ ಬಕೆಟ್ ಒಂದೇ ಇದ್ದರೂ ಪರವಾಗಿಲ್ಲ, ಅರ್ಧ ತುಂಬಿಸಿ, ಜಾಲಾಡಿಸಿ, ಚೆಲ್ಲಿ, ಮತ್ತೆ ಅರ್ಧ ತುಂಬಿಸಿ.