ಪದ ಪರಿಚಯ: ರೂಟರ್ ಸಿಮ್ಯುಲೇಟರ್

ಪರದೆಯ ಮೇಲೆ ಎರಡು ರೂಟರ್‌ಗಳ, ಅಂದರೆ ಒಂದು ಜಾಲದಿಂದ ಇನ್ನೊಂದಕ್ಕೆ ಮಾಹಿತಿ ದಾಟಿಸುವ ಸಾಧನಗಳ ಚಿತ್ರ. ನಡುವೆ ಒಂದು ಗೆರೆ, ಅದೇ ಕೇಬಲ್. ಗೆರೆಯ ಎರಡೂ ತುದಿಯಲ್ಲಿ ಪುಟ್ಟ ಕೆಂಪು ತ್ರಿಕೋನ. ನನ್ನ ಸಂಜೆ ತರಗತಿಯ ಹುಡುಗಿಯೊಬ್ಬಳು ಎರಡೂ ರೂಟರ್‌ಗಳಿಗೆ ಐಪಿ ವಿಳಾಸ ಕೊಟ್ಟಿದ್ದಾಳೆ, ಆ ವಿಳಾಸದಲ್ಲಿ ಜಾಲದ ಭಾಗ ಎಷ್ಟು ಎಂದು ಹೇಳುವ ಸಬ್‌ನೆಟ್ ಮಾಸ್ಕ್ ಕೊಟ್ಟಿದ್ದಾಳೆ. ಆದರೂ ಕೆಂಪು ಹೋಗುತ್ತಿಲ್ಲ.

“ಸರ್, ಎಲ್ಲಾ ಸರಿಯಾಗೇ ಕೊಟ್ಟಿದೀನಿ. ಲಿಂಕ್ ಮಾತ್ರ ಬರ್ತಾ ಇಲ್ಲ.”

“ಶೋ ಐಪಿ ಇಂಟರ್‌ಫೇಸ್ ಬ್ರೀಫ್ ಹೊಡೆದು ನೋಡಮ್ಮ, ಏನು ಹೇಳುತ್ತೆ?”

ಹೊಡೆದಳು. ವಿಳಾಸದ ಪಕ್ಕದಲ್ಲಿ ‘ಅಡ್ಮಿನಿಸ್ಟ್ರೇಟಿವ್ಲಿ ಡೌನ್’ ಎಂದು ಬಂತು. ಕೇಬಲ್ ಕೆಟ್ಟಿಲ್ಲ, ಆಚೆಯ ರೂಟರ್ ಸತ್ತಿಲ್ಲ. ಈ ಪೋರ್ಟಿನ ಬಾಗಿಲನ್ನು ಯಾರೂ ಇನ್ನೂ ತೆರೆದೇ ಇಲ್ಲ ಎಂದು ಅದರರ್ಥ. ಸಿಸ್ಕೊ ಕಂಪನಿಯ ರೂಟರ್‌ಗಳ ಪೋರ್ಟುಗಳು ಹೊಸದರಲ್ಲಿ ಮುಚ್ಚಿಯೇ ಇರುತ್ತವೆ. ಎರಡೂ ಕಡೆ ‘ನೋ ಶಟ್‌ಡೌನ್’ ಎಂದು ಕೊಟ್ಟ ಕೂಡಲೇ ಕೆಂಪು ತ್ರಿಕೋನಗಳು ಹಸಿರಾದವು. ಆ ಕಮಾಂಡನ್ನು ಅವಳು ಪುಸ್ತಕದಲ್ಲಿ ಹತ್ತು ಸಲ ಓದಿದ್ದಳು. ಇನ್ನು ಮರೆಯುವುದಿಲ್ಲ.

ಇಲ್ಲಿ ನಿಜವಾದ ರೂಟರ್ ಒಂದೂ ಇರಲಿಲ್ಲ, ಇದ್ದದ್ದು ಒಂದು ಹಳೆಯ ಲ್ಯಾಪ್‌ಟಾಪ್ ಮಾತ್ರ. ರೂಟರ್, ಸ್ವಿಚ್ (ಒಂದೇ ಜಾಲದ ಯಂತ್ರಗಳನ್ನು ಜೋಡಿಸುವ ಪೆಟ್ಟಿಗೆ), ಕೇಬಲ್‌ಗಳನ್ನು ತಂತ್ರಾಂಶದಲ್ಲೇ ಕಟ್ಟಿಕೊಂಡು, ಅವುಗಳಿಗೆ ನಿಜವಾದ ಸಾಧನಕ್ಕೆ ಕೊಡುವಂತೆಯೇ ಕಮಾಂಡ್ ಕೊಟ್ಟು ಅಭ್ಯಾಸ ಮಾಡಲು ಬಿಡುವ ಇಂಥ ತಂತ್ರಾಂಶಕ್ಕೆ ರೂಟರ್ ಸಿಮ್ಯುಲೇಟರ್ ಎನ್ನುತ್ತಾರೆ.

ಕನ್ನಡದಲ್ಲಿ ಇದಕ್ಕೆ ಏನನ್ನಬೇಕು? ಅಗ್ನಿಶಾಮಕ ದಳದವರು ನಡೆಸುವ ಮಾಕ್ ಡ್ರಿಲ್‌ಗೆ ನಮ್ಮ ಪತ್ರಿಕೆಗಳು ‘ಅಣಕು ಕಾರ್ಯಾಚರಣೆ’ ಎಂದು ಬರೆಯುತ್ತವೆ. ಆ ದಾರಿಯಲ್ಲಿ ಹೋದರೆ ‘ಅಣಕು ರೂಟರ್’ ಎನ್ನಬಹುದು. ಆದರೆ ಅಣಕ ಎಂದರೆ ಗೇಲಿಯೂ ಹೌದು, ಅದಕ್ಕೇ ನನಗೆ ಆ ಪದ ಅಷ್ಟು ಒಗ್ಗಿಲ್ಲ. ಕೆಲಸದ ಗುಣಕ್ಕೆ ಹತ್ತಿರವಾಗುವುದು ‘ತಾಲೀಮು’. ನಾಟಕದವರು ತಾಲೀಮು ನಡೆಸುತ್ತಾರೆ, ಕುಸ್ತಿಯವರು ಗರಡಿಯಲ್ಲಿ ತಾಲೀಮು ಮಾಡುತ್ತಾರೆ. ಎರಡು ಕಡೆಯೂ ತಪ್ಪಿದರೆ ಮತ್ತೆ ಮೊದಲಿನಿಂದ ಶುರು ಮಾಡಬಹುದು, ನೋಡಲು ಬಂದ ಜನರಿಲ್ಲ. ಕೆಲಸದ ಜಾಗದಲ್ಲಿ ಮಾತ್ರ ಎಲ್ಲರೂ ‘ಲ್ಯಾಬ್’ ಎನ್ನುತ್ತಾರೆ. “ಲ್ಯಾಬ್‌ನಲ್ಲಿ ಹಾಕಿ ನೋಡಿದ್ಯಾ?” ಎಂದರೆ ಸಿಮ್ಯುಲೇಟರ್‌ನಲ್ಲಿ ಕಟ್ಟಿ ನೋಡಿದೆಯಾ ಎಂದೇ ಅರ್ಥ.

ಸಿಮ್ಯುಲೇಟರ್‌ಗೆ ಒಬ್ಬ ದಾಯಾದಿ ಇದ್ದಾನೆ, ಎಮ್ಯುಲೇಟರ್. ಎರಡನ್ನೂ ಒಂದೇ ಎಂದುಕೊಂಡು ಗೊಂದಲಕ್ಕೆ ಬೀಳುವವರು ಬಹಳ. ನಾಟಕದ ಉದಾಹರಣೆಯನ್ನೇ ಮುಂದುವರಿಸಿದರೆ, ಸಿಮ್ಯುಲೇಟರ್‌ನಲ್ಲಿರುವ ರೂಟರ್ ರಾಜನ ವೇಷ ಹಾಕಿದ ನಟ. ಕಿರೀಟವಿದೆ, ಗತ್ತಿದೆ, ಬರೆದುಕೊಟ್ಟ ಮಾತುಗಳನ್ನು ಚೆನ್ನಾಗಿ ಒಪ್ಪಿಸುತ್ತಾನೆ. ಬರೆದುಕೊಡದ ಪ್ರಶ್ನೆ ಕೇಳಿದರೆ ಅವನಲ್ಲಿ ಉತ್ತರವಿಲ್ಲ. ಎಮ್ಯುಲೇಟರ್‌ನಲ್ಲಿ ರಾಜ ನಿಜವಾದವನೇ, ಅರಮನೆ ಮಾತ್ರ ಪರದೆಯದು. ಅಲ್ಲಿ ಓಡುವುದು ರೂಟರ್ ಕಂಪನಿಯ ಅಸಲಿ ಕಾರ್ಯಾಚರಣ ವ್ಯವಸ್ಥೆ. ತಾನು ಕೂತಿರುವ ಯಂತ್ರವೂ ಅಸಲಿಯೇ ಎಂದು ಅದನ್ನು ನಂಬಿಸಲಾಗಿರುತ್ತದೆ.

ಮೊದಲ ಬಗೆಗೆ ಎಲ್ಲರಿಗೂ ಗೊತ್ತಿರುವ ಹೆಸರು ಪ್ಯಾಕೆಟ್ ಟ್ರೇಸರ್. 1997ರಲ್ಲಿ ಶುರುವಾದ ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯ ವಿದ್ಯಾರ್ಥಿಗಳಿಗಾಗಿ ಸಿಸ್ಕೊ ಇದನ್ನು ರೂಪಿಸಿತು. ಅಕಾಡೆಮಿಯ ತಾಣದಲ್ಲಿ ಖಾತೆ ತೆರೆದರೆ ಉಚಿತವಾಗಿ ಸಿಗುತ್ತದೆ. ಸಿಸ್ಕೊದ ಪ್ರಮಾಣಪತ್ರ ಪರೀಕ್ಷೆಯಾದ ಸಿಸಿಎನ್ಎಗೆ ಓದುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಮೆಟ್ಟಿಲು ನನಗೆ ಗೊತ್ತಿಲ್ಲ.

ಎರಡನೆಯ ಬಗೆಯ ಕತೆ ಫ್ರಾನ್ಸಿನದು. ಕಾಂಪಿಯೆನ್ ತಾಂತ್ರಿಕ ವಿಶ್ವವಿದ್ಯಾಲಯದ ಕ್ರಿಸ್ಟೋಫ್ ಫಿಯೊ 2005ರಲ್ಲಿ ಡೈನಮಿಪ್ಸ್ ಎಂಬ ತಂತ್ರಾಂಶ ಬರೆಯಲು ತೊಡಗಿದರು. ಸಿಸ್ಕೊ 7200 ಸಾಲಿನ ರೂಟರ್‌ಗಳಲ್ಲಿದ್ದದ್ದು ಮಿಪ್ಸ್ ಎಂಬ ಬಗೆಯ ಪ್ರೊಸೆಸರ್. ಅದನ್ನು ಸಾಧಾರಣ ಪಿಸಿಯೊಳಗೆ ತಂತ್ರಾಂಶದಲ್ಲೇ ಕಟ್ಟಿ, ಅದರ ಮೇಲೆ ಸಿಸ್ಕೊದ ಅಸಲಿ ಕಾರ್ಯಾಚರಣ ವ್ಯವಸ್ಥೆಯಾದ ಐಒಎಸ್ ಓಡಿಸಿದರು. ಮೊದಮೊದಲು ಇದನ್ನು ಬಳಸುವವರಿಗೆ ದೊಡ್ಡ ಕಾಟವೆಂದರೆ, ಸುಮ್ಮನೆ ಕೂತ ಒಂದು ರೂಟರ್ ಕೂಡ ಪಿಸಿಯ ಪ್ರೊಸೆಸರನ್ನು ನೂರಕ್ಕೆ ನೂರು ನುಂಗಿಬಿಡುತ್ತಿತ್ತು. ಕೆಲಸವಿಲ್ಲದಾಗ ಐಒಎಸ್ ಸುತ್ತು ಹೊಡೆಯುತ್ತ ಕಾಯುತ್ತದೆ. ಅದು ಕಾಯುತ್ತಿದೆಯೋ ದುಡಿಯುತ್ತಿದೆಯೋ ಡೈನಮಿಪ್ಸ್‌ಗೆ ತಿಳಿಯದು. ಕಾಯುವ ಜಾಗವನ್ನು ಗುರುತಿಸಿಕೊಡುವ ‘ಐಡಲ್ ಪಿಸಿ’ (ಇಲ್ಲಿ ಪಿಸಿ ಎಂದರೆ ಕಂಪ್ಯೂಟರ್ ಅಲ್ಲ, ಪ್ರೋಗ್ರಾಂ ಕೌಂಟರ್) ಎಂಬ ಸಂಖ್ಯೆಯನ್ನು ಹುಡುಕಿ ಕೊಟ್ಟ ಮೇಲೇ ಲ್ಯಾಪ್‌ಟಾಪಿನ ಫ್ಯಾನ್ ತಣ್ಣಗಾಗುತ್ತಿತ್ತು. ಡೈನಮಿಪ್ಸ್‌ಗೆ ಚಿತ್ರ ಎಳೆದು ಜೋಡಿಸುವ ಮುಖ ಕೊಟ್ಟದ್ದು ಜೆರೆಮಿ ಗ್ರಾಸ್‌ಮನ್ ಶುರು ಮಾಡಿದ ಜಿಎನ್ಎಸ್3. ಅದರ ಹೆಸರಿನ ಕೊನೆಯ ‘ಎಸ್’ ಸಿಮ್ಯುಲೇಟರ್ ಎಂಬುದರ ಎಸ್, ಒಳಗೆ ನಡೆಯುವುದು ಎಮ್ಯುಲೇಶನ್. ಪದಗಳು ಹೀಗೆ ಕಲಸಿಹೋಗಿರುವಾಗ ಕಲಿಯುವವರು ಗೊಂದಲಪಟ್ಟರೆ ಅದು ಅವರ ತಪ್ಪಲ್ಲ. ಈವ್-ಎನ್‌ಜಿ ಎಂಬ ಇನ್ನೊಂದು ವೇದಿಕೆ ಮಾತ್ರ ‘ಎಮ್ಯುಲೇಟೆಡ್’ ಎಂಬ ಪದವನ್ನು ಹೆಸರಿನಲ್ಲೇ ಇಟ್ಟುಕೊಂಡಿದೆ.

ನಮ್ಮಲ್ಲಿ ಇನ್ನೊಂದು ಗೊಂದಲವೂ ಸೇರಿಕೊಳ್ಳುತ್ತದೆ. ವಿಟಿಯುವಿನಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರು ನೆಟ್‌ವರ್ಕ್ ಲ್ಯಾಬ್ ಎಂದರೆ ಎನ್ಎಸ್2 ಎಂಬ ತಂತ್ರಾಂಶವನ್ನು ನೆನೆಯುತ್ತಾರೆ. ಮೂರು ನೋಡ್‌ಗಳ ಜಾಲ ಮಾಡಿ, ಸರದಿಯ ಗಾತ್ರ, ಬ್ಯಾಂಡ್‌ವಿಡ್ತ್ ಬದಲಿಸಿ, ಎಷ್ಟು ಪ್ಯಾಕೆಟ್ ಬಿದ್ದುಹೋದವು ಎಂದು ಎಣಿಸುವ ಆ ಪ್ರಯೋಗ ಹಲವರಿಗೆ ನೆನಪಿರಬೇಕು. ಅದೂ ಸಿಮ್ಯುಲೇಶನ್ನೇ. ಆದರೆ ಅಲ್ಲಿ ಅಭ್ಯಾಸವಾಗುವುದು ರೂಟರ್ ಕಮಾಂಡ್ ಅಲ್ಲ, ಜಾಲದ ನಡವಳಿಕೆಯ ಲೆಕ್ಕಾಚಾರ. ಬೆಂಗಳೂರಿನ ಟೆಟ್‌ಕಾಸ್ ಕಂಪನಿಯ ನೆಟ್‌ಸಿಮ್ ಕೂಡ ಮುಖ್ಯವಾಗಿ ಇಂಥ ಸಂಶೋಧನೆಗೆ, ವಿನ್ಯಾಸಕ್ಕೆ ಬಳಕೆಯಾಗುವುದು. ಅಮೆರಿಕದ ಬೋಸನ್ ಕಂಪನಿಯ ತಂತ್ರಾಂಶದ ಹೆಸರೂ ನೆಟ್‌ಸಿಮ್, ಅದು ಸಿಸ್ಕೊ ಪರೀಕ್ಷೆಗೆ ಕಮಾಂಡ್ ಕಲಿಯುವವರದು. ಹೆಸರು ನೋಡಿ ಇಳಿಸಿಕೊಳ್ಳುವ ಮೊದಲು ಯಾವುದು ಬೇಕು ಎಂದು ಖಚಿತ ಮಾಡಿಕೊಳ್ಳಿ.

ಇನ್ನು ಕಮಾಂಡ್‌ಗಳ ವಿಷಯ. ಸಿಸ್ಕೊ ರೂಟರ್ ಮನೆಯಂತೆ ಒಂದರೊಳಗೊಂದು ಕೋಣೆ ಇಟ್ಟುಕೊಂಡಿದೆ. ಜಗಲಿಯಲ್ಲಿ ನಿಂತರೆ ನೋಡುವುದಕ್ಕಷ್ಟೇ ಅವಕಾಶ. ‘ಎನೇಬಲ್’ ಎಂದರೆ ನಡುಮನೆ, ಸಾಲಿನ ಕೊನೆಯ ಗುರುತು ‘>’ ಇದ್ದದ್ದು ‘#’ ಆಗುತ್ತದೆ. ‘ಕಾನ್ಫಿಗರ್ ಟರ್ಮಿನಲ್’ ಎಂದರೆ ಅಡುಗೆಮನೆ, ಬದಲಾವಣೆಗಳೆಲ್ಲ ಅಲ್ಲಿ. ಪೋರ್ಟಿನ ಹೆಸರು ಹೇಳಿದರೆ ಇನ್ನೂ ಒಳಗಿನ ಕೋಣೆ. ಕೈ ಪಳಗಿದವರು ಇಷ್ಟುದ್ದ ಟೈಪ್ ಮಾಡುವುದಿಲ್ಲ, ‘ಕಾನ್ಫ್ ಟಿ’ ಎಂದರೆ ಸಾಕು. ಯಾವ ಕೋಣೆಯಲ್ಲಿ ಯಾವ ಮಾತು ನಡೆಯುತ್ತದೆ ಎಂಬುದು ಓದಿ ಬರುವ ವಿದ್ಯೆಯಲ್ಲ. ತಪ್ಪು ಕೋಣೆಯಲ್ಲಿ ತಪ್ಪು ಮಾತಾಡಿ, ‘^’ ಗುರುತು ಯಾವ ಅಕ್ಷರದ ಕೆಳಗೆ ಬಂದು ನಿಂತಿತು ಎಂದು ನೋಡಿಯೇ ಅದು ಬೆರಳಿಗೆ ಇಳಿಯಬೇಕು.

ಹೊಸಬರೆಲ್ಲ ಒಮ್ಮೆಯಾದರೂ ಸಿಕ್ಕಿಹಾಕಿಕೊಳ್ಳುವ ಜಾಗ ಒಂದಿದೆ. ನಡುಮನೆಯಲ್ಲಿ ಒಂದು ಕಮಾಂಡಿನ ಕಾಗುಣಿತ ತಪ್ಪಿ ಎಂಟರ್ ಒತ್ತಿದರೆ, ರೂಟರ್ ಅದನ್ನು ಯಾವುದೋ ಕಂಪ್ಯೂಟರಿನ ಹೆಸರೆಂದು ತಿಳಿದು, ಹೆಸರಿಗೆ ಐಪಿ ವಿಳಾಸ ಹೇಳುವ ಡಿಎನ್ಎಸ್ ಸರ್ವರನ್ನು ಹುಡುಕಲು ಹೊರಡುತ್ತದೆ. ‘ಟ್ರಾನ್ಸ್‌ಲೇಟಿಂಗ್’ ಎಂಬ ಸಾಲು ಬಂದು ಪರದೆ ಕಲ್ಲಾಗುತ್ತದೆ. ಲ್ಯಾಪ್‌ಟಾಪ್ ಹ್ಯಾಂಗ್ ಆಯಿತೆಂದು ಹೆದರಬೇಡಿ. ಕಂಟ್ರೋಲ್, ಶಿಫ್ಟ್, 6 ಒಟ್ಟಿಗೆ ಒತ್ತಿದರೆ ರೂಟರ್ ಹುಡುಕಾಟ ಬಿಡುತ್ತದೆ. ‘ನೋ ಐಪಿ ಡೊಮೈನ್ ಲುಕಪ್’ ಎಂದು ಮೊದಲೇ ಕೊಟ್ಟಿಟ್ಟರೆ ಆ ಕಾಟವೇ ಇಲ್ಲ.

ಸ್ವಿಚ್ಚಿಗೆ ಹೊಸ ಕೇಬಲ್ ಹಾಕಿದಾಗ ಅದರ ಕಡೆಯ ದೀಪ ಅರ್ಧ ನಿಮಿಷ ಕಿತ್ತಳೆ ಬಣ್ಣದಲ್ಲೇ ಇರುತ್ತದೆ. ಅದೂ ದೋಷವಲ್ಲ. ಜಾಲದಲ್ಲಿ ಎಲ್ಲಾದರೂ ಸುತ್ತು ಬಿದ್ದಿದೆಯೇ ಎಂದು ಸ್ಪ್ಯಾನಿಂಗ್ ಟ್ರೀ ಎಂಬ ನಿಯಮಾವಳಿ 15 ಸೆಕೆಂಡು ಆಲಿಸಿ, 15 ಸೆಕೆಂಡು ಕಲಿತು, ಆಮೇಲೆ ದಾರಿ ಬಿಡುತ್ತದೆ. ಪ್ಯಾಕೆಟ್ ಟ್ರೇಸರ್‌ನಲ್ಲಿ ಸಮಯವನ್ನು ಮುಂದೋಡಿಸುವ ಗುಂಡಿಯೂ ಇದೆ. ಮೊದಲ ವಾರ ಅದನ್ನು ಒತ್ತದೆ ಕಾಯಿರಿ ಎಂದು ನಾನು ಹೇಳುತ್ತೇನೆ. ನಿಜವಾದ ಕಚೇರಿಯಲ್ಲಿ, ಹಿಂದೆ ಹತ್ತು ಜನ ನಿಂತು “ಬಂತಾ? ಬಂತಾ?” ಎನ್ನುವಾಗ, ಆ ಅರ್ಧ ನಿಮಿಷ ಎಷ್ಟು ಉದ್ದ ಎಂಬ ಅಂದಾಜು ಮೈಗೆ ಗೊತ್ತಿರಬೇಕು.

ಗೊತ್ತಿರಬೇಕು ಎಂದು ಇಷ್ಟು ಒತ್ತಿ ಹೇಳಲು ನನ್ನದೇ ಒಂದು ಕಾರಣವಿದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ಕಾರ್ಖಾನೆಯ ಸ್ವಿಚ್ಚಿನಲ್ಲಿ ಟ್ರಂಕ್ ಕೊಂಡಿಗೆ ಹೊಸದಾಗಿ 30ನೇ ವಿ-ಲ್ಯಾನ್ ಸೇರಿಸಬೇಕಿತ್ತು. ವಿ-ಲ್ಯಾನ್ ಎಂದರೆ ಒಂದೇ ಸ್ವಿಚ್ಚಿನಲ್ಲಿ ಬೇರೆಬೇರೆಯಾಗಿ ನಡೆಯುವ ಜಾಲ, ಅಂಥ ಹಲವನ್ನು ಒಟ್ಟಿಗೆ ಸಾಗಿಸುವ ಕೊಂಡಿ ಟ್ರಂಕ್. ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿ-ಲ್ಯಾನ್ 30’ ಎಂದು ಕೊಟ್ಟೆ. ಕೊಡಬೇಕಿದ್ದದ್ದು ‘ವಿ-ಲ್ಯಾನ್ ಆಡ್ 30’. ಆ ಒಂದು ‘ಆಡ್’ ಇಲ್ಲದಿದ್ದರೆ ಅರ್ಥ ‘30ನ್ನೂ ಬಿಡು’ ಎಂದಾಗುವುದಿಲ್ಲ, ‘30ನ್ನು ಮಾತ್ರ ಬಿಡು’ ಎಂದಾಗುತ್ತದೆ. ಸ್ವಿಚ್ ಏನನ್ನೂ ಕೇಳಲಿಲ್ಲ, ಎಚ್ಚರಿಸಲೂ ಇಲ್ಲ. ಉಳಿದ ವಿ-ಲ್ಯಾನ್‌ಗಳೆಲ್ಲ ಆ ಕೊಂಡಿಯಲ್ಲಿ ನಿಂತುಹೋದವು, ನಾನು ಒಳಹೊಕ್ಕಿದ್ದ ದಾರಿಯೂ ಅವುಗಳಲ್ಲೇ ಇತ್ತು. ಸ್ವಿಚ್ಚಿಗೆ ನೇರವಾಗಿ ಚುಚ್ಚುವ ಕನ್ಸೋಲ್ ಕೇಬಲ್ ಹಿಡಿದು ಇನ್ನೊಂದು ಕಟ್ಟಡಕ್ಕೆ ಓಡಿ ಸರಿಮಾಡುವಷ್ಟರಲ್ಲಿ ಒಂದು ಪಾಳಿಯ ಜನ ಕೈಕಟ್ಟಿ ಕೂತಿದ್ದರು. ಈ ತಪ್ಪು ಪ್ಯಾಕೆಟ್ ಟ್ರೇಸರ್‌ನಲ್ಲಿ ಹಾಗೆಯೇ ಆಗುತ್ತದೆ. ಅಲ್ಲಿ ಒಮ್ಮೆ ಮಾಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ತಾಸು ನಿಂತುಹೋದದ್ದು ನೆನಪಿರಬಹುದು. ಕಂಪನಿಯೇ ಕೊಟ್ಟ ವಿವರಣೆಯಂತೆ, ತಮ್ಮ ಬೆನ್ನೆಲುಬು ಜಾಲದ ಸಾಮರ್ಥ್ಯ ಎಷ್ಟಿದೆ ಎಂದು ನೋಡಲು ನಿತ್ಯದ ನಿರ್ವಹಣೆಯ ವೇಳೆ ಕೊಟ್ಟ ಒಂದು ಕಮಾಂಡ್ ಆ ಜಾಲದ ಕೊಂಡಿಗಳನ್ನೆಲ್ಲ ಕಡಿದುಹಾಕಿತು. ಅಂಥ ಕಮಾಂಡನ್ನು ತಡೆಯಬೇಕಿದ್ದ ತಪಾಸಣಾ ತಂತ್ರಾಂಶದಲ್ಲೇ ದೋಷವಿತ್ತು. ಕೊಂಡಿ ಕಡಿದದ್ದರಿಂದ ಅವರ ಡಿಎನ್ಎಸ್ ಸರ್ವರ್‌ಗಳು ತಮ್ಮ ವಿಳಾಸಗಳನ್ನು ಅಂತರ್ಜಾಲಕ್ಕೆ ಸಾರುವುದನ್ನೇ ನಿಲ್ಲಿಸಿದವು. ದೊಡ್ಡ ಜಾಲ ನಡೆಸುವವರು ಬದಲಾವಣೆಗೆ ಮೊದಲು ಇಡೀ ಜಾಲದ ಪ್ರತಿಯನ್ನೇ ತಂತ್ರಾಂಶದಲ್ಲಿ ಕಟ್ಟಿ ನೋಡುವುದೂ ಇದೇ ಭಯಕ್ಕೆ. ಮೈಕ್ರೋಸಾಫ್ಟ್‌ನವರು ಇದಕ್ಕಾಗಿ ಕಟ್ಟಿದ ಕ್ರಿಸ್ಟಲ್‌ನೆಟ್ ಎಂಬ ಎಮ್ಯುಲೇಟರಿನ ವಿವರವನ್ನು 2017ರಲ್ಲಿ ಪ್ರಕಟಿಸಿದ್ದರು.

ಸಿಮ್ಯುಲೇಟರ್ ಎಲ್ಲವನ್ನೂ ಕಲಿಸುತ್ತದೆ ಎಂದು ನಾನು ಹೇಳಲಾರೆ. ಪ್ಯಾಕೆಟ್ ಟ್ರೇಸರ್‌ನಲ್ಲಿ ‘?’ ಒತ್ತಿದರೆ ಬರುವ ಪಟ್ಟಿ ನಿಜವಾದ ರೂಟರಿನ ಪಟ್ಟಿಗಿಂತ ತುಂಬ ಚಿಕ್ಕದು, ಸಿಸಿಎನ್ಎ ದಾಟಿದ ಮೇಲೆ ದೊಡ್ಡ ಜಾಲಗಳು ಪರಸ್ಪರ ದಾರಿ ತಿಳಿಸಿಕೊಳ್ಳುವ ಬಿಜಿಪಿಯ ಆಳಕ್ಕೆ ಇಳಿದರೆ ಅದು ಕೈಚೆಲ್ಲುತ್ತದೆ. ಕನ್ಸೋಲ್ ಕೇಬಲ್ ಚುಚ್ಚಿ ವೇಗ 9600ಕ್ಕೆ ಇಡದಿದ್ದರೆ ಪರದೆ ತುಂಬ ಕಸ ಅಕ್ಷರ ಬರುವುದು, ಸರ್ವರ್ ಕೋಣೆಯ ಚಳಿ, ಸಡಿಲಾದ ಕ್ಲಿಪ್ಪಿನ ಕೇಬಲ್ ಮುಟ್ಟಿದಾಗಷ್ಟೇ ಕೆಲಸ ಮಾಡುವುದು, ಇವನ್ನು ಕಲಿಯಲು ಕಬ್ಬಿಣವೇ ಬೇಕು. ಸಾಧ್ಯವಾದರೆ ಹಳೆಯ ಸ್ವಿಚ್ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡಿಟ್ಟುಕೊಳ್ಳಿ.

ಎಮ್ಯುಲೇಟರ್ ಬಳಸುವವರಿಗೆ ಇನ್ನೊಂದು ಮಾತು. ಜಿಎನ್ಎಸ್3 ಉಚಿತ, ಅದರೊಳಗೆ ಓಡಿಸುವ ಐಒಎಸ್ ಉಚಿತವಲ್ಲ. ಅಲ್ಲಿ ಇಲ್ಲಿ ಸಿಗುವ ಐಒಎಸ್ ಇಮೇಜ್ ಫೈಲುಗಳನ್ನು (ಚಿತ್ರವಲ್ಲ, ಇಡೀ ವ್ಯವಸ್ಥೆಯ ಪ್ರತಿ) ಇಳಿಸಿಕೊಳ್ಳುವುದು ಪರವಾನಗಿ ಉಲ್ಲಂಘನೆ, ಆ ಫೈಲಿನಲ್ಲಿ ಮತ್ತೇನಿದೆ ಎಂಬುದೂ ತಿಳಿಯದು. ನೇರ ದಾರಿ ಬೇಕಾದವರಿಗೆ ಸಿಸ್ಕೊದ್ದೇ ಸಿಎಂಎಲ್ (ಸಿಸ್ಕೊ ಮಾಡೆಲಿಂಗ್ ಲ್ಯಾಬ್ಸ್) ಇದೆ. ಪೂರ್ತಿ ಉಚಿತವಾದದ್ದೇ ಬೇಕೆನ್ನುವವರಿಗೆ ಎಫ್ಆರ್‌ರೂಟಿಂಗ್ ಇದೆ: ಮುಕ್ತ ತಂತ್ರಾಂಶ, ಲಿನಕ್ಸ್ ಮೇಲೆ ಓಡುತ್ತದೆ, ಕಮಾಂಡ್‌ಗಳು ಸಿಸ್ಕೊ ಧಾಟಿಯವೇ. ಓಎಸ್‌ಪಿಎಫ್, ಬಿಜಿಪಿಯಂಥ ದಾರಿ ಹುಡುಕುವ ನಿಯಮಾವಳಿಗಳನ್ನು ಕಲಿಯಲು ಅದು ಧಾರಾಳ ಸಾಕು.

ಇವತ್ತೇ ಶುರು ಮಾಡುವುದಾದರೆ ಎರಡು ರೂಟರ್, ಒಂದು ಕೇಬಲ್ ಇಟ್ಟು ವಿಳಾಸ ಕೊಟ್ಟು ಒಂದರಿಂದ ಇನ್ನೊಂದಕ್ಕೆ ಪಿಂಗ್ ಮಾಡಿ, ಅಂದರೆ ‘ಇದ್ದೀಯಾ?’ ಎಂದು ಕೇಳಿ. ಐದು ಪ್ಯಾಕೆಟ್ ಹೋಗುತ್ತವೆ, ಪರದೆಯ ಮೇಲೆ ‘.!!!!’ ಎಂದು ಬರುತ್ತದೆ. ಮೊದಲನೆಯದು ಚುಕ್ಕಿ, ಉಳಿದ ನಾಲ್ಕು ಗೆದ್ದ ಗುರುತು, ಶೇಕಡಾ 80. ಹೊಸಬರು ಇಲ್ಲಿ ಕೇಬಲ್ ಬದಲಿಸಲು ಹೋಗುತ್ತಾರೆ. ಅದರ ಬದಲು ಪ್ಯಾಕೆಟ್ ಟ್ರೇಸರ್‌ನ ಸಿಮ್ಯುಲೇಶನ್ ಮೋಡ್‌ಗೆ ಹೋಗಿ, ಇದೇ ಜಾಲವನ್ನು ಹೊಸದಾಗಿ ಕಟ್ಟಿ, ಮತ್ತೆ ಪಿಂಗ್ ಕೊಟ್ಟು ಒಂದೊಂದೇ ಹೆಜ್ಜೆ ಮುಂದಕ್ಕೆ ಒತ್ತಿ. ಪಿಂಗ್‌ನ ಲಕೋಟೆಗಿಂತ ಮೊದಲು ಬೇರೆ ಬಣ್ಣದ ಲಕೋಟೆಯೊಂದು ಹೊರಟು, “ಈ ಐಪಿ ಯಾರದು, ನಿಮ್ಮ ಮ್ಯಾಕ್ ವಿಳಾಸ ಏನು?” ಎಂದು ಕೇಳಿಕೊಂಡು ಬರುತ್ತದೆ. ಅದು ಎಆರ್‌ಪಿ, ಮ್ಯಾಕ್ ಎಂದರೆ ಆ ಪೋರ್ಟಿನದೇ ಯಂತ್ರ ವಿಳಾಸ. ಅದು ಹೋಗಿ ಬರುವಷ್ಟರಲ್ಲಿ ಮೊದಲ ಪಿಂಗ್ ಕಳೆದುಹೋಗಿರುತ್ತದೆ. ಈಗ ಮತ್ತೊಮ್ಮೆ ಪಿಂಗ್ ಕೊಡಿ: ‘!!!!!’