ಊಟಿಯ ತೋಟದಲ್ಲಿ ಅಪರೂಪದ್ದು ಯಾವುದು?

ಬಂಡೀಪುರ, ಮಸಿನಗುಡಿ ಹಾದು ಊಟಿಗೆ ಹೋದ ನಮ್ಮ ಕಡೆಯವರು ಬೊಟಾನಿಕಲ್ ಗಾರ್ಡನ್ ನೋಡದೆ ವಾಪಸ್ ಬರುವುದು ಕಡಿಮೆ. ಕಲ್ಲಾಗಿಹೋದ ಮರದ ಕಾಂಡ, ಕೋತಿಯೂ ಹತ್ತಲಾಗದ ಮಂಕಿ ಪಜಲ್ ಮರ, ಬಾಟಲಿ ಬಿರಡೆಗೆ ತೊಗಟೆ ಕೊಡುವ ಕಾರ್ಕ್ ಮರ. ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಗಿಡಮರಗಳಲ್ಲಿ ಜಾಸ್ತಿ ಪಾಲು ಈ ಬೆಟ್ಟದ್ದಲ್ಲ.

1799ರಲ್ಲಿ ಟಿಪ್ಪು ಸತ್ತ ಮೇಲೆ ನೀಲಗಿರಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟ ಹತ್ತಿದ. ತಂಪಿಗೆ ಮಾರುಹೋದ ಬಿಳಿಯರು ಊಟಿಯಲ್ಲಿ ನೆಲೆಯೂರಿದರು. ಅವರಿಗೆ ತಮ್ಮೂರಿನ ತರಕಾರಿ ಬೇಕಿತ್ತು. ಚಂದಾ ಎತ್ತಿ ತರಕಾರಿ ತೋಟ ಮಾಡಿಕೊಂಡರು. ಈಗಿನ ಗಾರ್ಡನ್ನಿನ ಮೂಲ ಅದೇ! 1848ರಲ್ಲಿ ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿದ್ದ ವಿಲಿಯಂ ಮೆಕೈವರ್ ಬಂದ. ದೊಡ್ಡಬೆಟ್ಟದ ಇಳಿಜಾರಿನಲ್ಲಿ ಈಗಿರುವ ಸುಮಾರು 55 ಎಕರೆ ತೋಟಕ್ಕೆ ರೂಪ ಕೊಟ್ಟವನು ಅವನೇ.

ಅವನ ದೊಡ್ಡ ಕೆಲಸ ಮಾತ್ರ ಸಿಂಕೋನಾ. ಮಲೇರಿಯಾಕ್ಕೆ ಆಗ ಇದ್ದ ಮದ್ದು ಕ್ವಿನೈನ್, ಅದು ಸಿಗುತ್ತಿದ್ದದ್ದು ದಕ್ಷಿಣ ಅಮೆರಿಕದ ಈ ಮರದ ತೊಗಟೆಯಲ್ಲಿ. 1860ರ ಸುಮಾರಿಗೆ ಬ್ರಿಟಿಷ್ ಅಧಿಕಾರಿ ಕ್ಲೆಮೆಂಟ್ಸ್ ಮಾರ್ಕಮ್ ಅಲ್ಲಿಂದ ಸಸಿ, ಬೀಜ ತರಿಸಿದ. ಬೆಳೆಸುವ ಹೊಣೆ ಮೆಕೈವರನದು. ತೊಗಟೆ ಪೂರ್ತಿ ಸುಲಿದರೆ ಮರ ಸಾಯುತ್ತದೆ ಅಲ್ವಾ? ಅವನು ಉದ್ದುದ್ದ ಪಟ್ಟಿಯಾಗಿ ಒಂದಿಷ್ಟು ಸುಲಿದು, ಗಾಯಕ್ಕೆ ಪಾಚಿ ಕಟ್ಟಿಸಿದ. ತೊಗಟೆ ಮತ್ತೆ ಬೆಳೆಯಿತು, ಅದರಲ್ಲಿ ಕ್ವಿನೈನ್ ಇನ್ನೂ ಜಾಸ್ತಿ ಇತ್ತು. ಈ ಜಾಣತನವನ್ನು ಮೆಚ್ಚಲೇಬೇಕು.

ಆದರೆ ಬೆಟ್ಟವನ್ನೇ ನರ್ಸರಿ ಮಾಡಿಕೊಂಡ ಆ ಕಾಲದ ಬುದ್ಧಿ ಬೇರೆ ಕಡೆ ದುಬಾರಿಯಾಯಿತು. ಮರವಿಲ್ಲದ ಹುಲ್ಲುಗುಡ್ಡ ಆಡಳಿತದ ಕಣ್ಣಿಗೆ ಸುಮ್ನೆ ಬಿದ್ದ ಪಾಳು. ಸೌದೆಗೆಂದು ಆಸ್ಟ್ರೇಲಿಯಾದ ವ್ಯಾಟಲ್ (ಅಕೇಶಿಯಾ ಜಾತಿಯ ಮರ), ನೀಲಗಿರಿ ಮರ ನೆಟ್ಟರು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸರ್ಕಾರಗಳೂ ನಿಲ್ಲಿಸಲಿಲ್ಲ. ಚರ್ಮ ಹದ ಮಾಡಲು, ರೇಯಾನ್ ನೂಲಿಗೆ ಎಂದು ಇನ್ನಷ್ಟು ನೆಟ್ಟರು. ಮಳೆನೀರು ಹಿಡಿದಿಟ್ಟು ತೊರೆಗಳಿಗೆ ಬಿಡುತ್ತಿದ್ದ ಹುಲ್ಲುಗಾವಲು ಕರಗಿತು. 12 ವರ್ಷಕ್ಕೊಮ್ಮೆ ಅರಳುವ ಕುರಿಂಜಿಯ ಜಾಗವೂ ಹೋಯಿತು.

ಗಾರ್ಡನ್ನಿನ ಮೇಲ್ತುದಿಯಲ್ಲಿ ಈ ಬೆಟ್ಟದ ಬುಡಕಟ್ಟಿನವರಾದ ತೋಡರ ಒಂದು ಮಂದ್ ಇದೆ, ಅಂದರೆ ಅವರ ಹಟ್ಟಿ. ಅವರ ಗುಡಿಗೆ ಹೊದಿಸುವ ಹುಲ್ಲು ಈ ಬೆಟ್ಟದ ಜೌಗಿನಲ್ಲಿ ಬೆಳೆಯುವಂಥದ್ದು. ನನ್ನ ಪ್ರಕಾರ ಅಪರೂಪದ ಗಿಡ ಅಂದರೆ ಇದು.

ಈಗ ಅರಣ್ಯ ಇಲಾಖೆ ವ್ಯಾಟಲ್ ಕಡಿಸುತ್ತಿದೆ. ಆದರೆ ಅದರ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದಿರುತ್ತದೆ. ಕಡಿದ ಜಾಗದಲ್ಲಿ ವರ್ಷ ವರ್ಷವೂ ಸಸಿ ಕೀಳುತ್ತಲೇ ಇರಬೇಕು.